ಗೇಜು, ಬಕೆಟ್ಟು, ಹಳೇ ಫೋನು, ಡಿಶ್ಶು: ಒಂದು ಮಳೆಗಾಲ ಅಳೆದು ನೋಡಿದ್ದು

ಮೂಡಿಗೆರೆ ಕಡೆ ಕಾಫಿ ತೋಟ ಇರೋ ಮನೇಲಿ ರೈನ್‌ಗೇಜ್ ಇದ್ದೇ ಇರತ್ತೆ, ಬೆಳಗ್ಗೆ ಎದ್ದು ಅಳೆದು "ನಮ್ಮಲ್ಲಿ 3 ಇಂಚು 20 ಸೆಂಟು, ನಿಮ್ಮಲ್ಲಿ?" ಅಂತ ವಾಟ್ಸಾಪಲ್ಲಿ ಹಾಕ್ದಿದ್ರೆ ದಿನ ಶುರುವಾಗಲ್ಲ (ಸೆಂಟು ಅಂದ್ರೆ ಇಲ್ಲಿ ಇಂಚಿನ ನೂರನೇ ಒಂದು ಭಾಗ). ಲೆಕ್ಕಕ್ಕೆ ಇದನ್ನ ಮೀರಿಸೋದು ಯಾವುದೂ ಇಲ್ಲ ಬಿಡಿ. ಆದ್ರೆ ಹಳ್ಳ ಗದ್ದೆಗೆ ನುಗ್ಗೋದು ದಿನದ ಲೆಕ್ಕ ನೋಡ್ಕೊಂಡಲ್ಲ. ಅದೇ 3 ಇಂಚು ಇಡೀ ದಿನ ಸುರಿದ್ರೆ ಏನಾಗಲ್ಲ, ಒಂದೂವರೆ ಗಂಟೇಲಿ ಬಿತ್ತು ಅಂದ್ರೆ ಪಂಪ್‌ಶೆಡ್ ಒಳಗೆ ನೀರು. ಯಾವಾಗ ಬಿತ್ತು ಅಂತ ಗೇಜ್ ಹೇಳಲ್ಲ.

ಅದಕ್ಕೇ ಟಿಪ್ಪಿಂಗ್ ಬಕೆಟ್ ಅನ್ನೋ ಇನ್ನೊಂದು ಥರದ ಗೇಜ್ ತರಿಸ್ದೆ. ಒಳಗೆ ಮಕ್ಕಳು ಆಡೋ ಸೀ-ಸಾ ಥರ ಎರಡು ಪುಟ್ಟ ತೊಟ್ಟಿ, ನಮ್ಮದ್ರಲ್ಲಿ 0.2 ಮಿಮೀ ತುಂಬಿದ್ರೆ ಒಂದ್ಸಲ ಮಗುಚತ್ತೆ, ಆ ಟೈಮ್ ದಾಖಲಾಗತ್ತೆ. ಆರಿದ್ರಾ ಮಳೇಲಿ ಚೆನ್ನಾಗೇ ಓಡ್ತು, ಪುಷ್ಯ ಜೋರಾಗಿ ಹಿಡೀತಿದ್ದಂಗೆ ಗೇಜಿಗಿಂತ ಕಮ್ಮಿ ತೋರ್ಸೋಕೆ ಶುರು, ಯಾಕಂದ್ರೆ ಮಗುಚೋ ಆ ಕ್ಷಣದಲ್ಲಿ ಬೀಳೋ ನೀರು ಲೆಕ್ಕಕ್ಕೆ ಸಿಗಲ್ಲ. ಒಂದಿನ ಅಂತೂ ಹೊರಗೆ ಧೋ ಅಂತಿದೆ, ಇದು ಸೊನ್ನೆ ಅಂತಿದೆ! ನೋಡಿದ್ರೆ ಸಿಲ್ವರ್ ಓಕ್ ಎಲೆ ಕೂತು ನೀರಿಳಿಯೋ ತೂತು ಮುಚ್ಚಿತ್ತು.

ಮೂರನೇದು ಬರೀ ಹುಚ್ಚಿಗೆ. ಸ್ಕ್ರೀನ್ ಒಡೆದ ಫೋನನ್ನ ತಗಡಿನ ಶೆಡ್ ಒಳಗೆ ನೇತಾಕಿ ಸದ್ದು ಎಷ್ಟಿದೆ ಅಂತ ರೆಕಾರ್ಡ್ ಮಾಡಿಸ್ದೆ. ಸಣ್ಣ ಸೋನೆ ಇದಕ್ಕೆ ಗೊತ್ತೇ ಆಗಲ್ಲ, ಸಂಜೆ ಜೀರುಂಡೆ ಕೂಗಿದ್ರೆ ಮಳೆ ಅಂದ್ಕೊಳತ್ತೆ, ಮಳೆ ನಿಂತ ಮೇಲೂ ಮರದಿಂದ ಹನಿ ಬೀಳ್ತಿದ್ರೆ ಅದನ್ನೂ ಎಣಿಸತ್ತೆ. ಆದ್ರೂ ಹೊಡೆತ ಶುರುವಾದ ನಿಮಿಷ ಒಂದ್ಸಲನೂ ತಪ್ಪಿಸಿಲ್ಲ, ನನಗೆ ಬೇಕಾಗಿದ್ದೂ ಅದೇ.

ಡಿಶ್ ವಿಷ್ಯ ಬೇರೆ. ಜೋರು ಮಳೇಲಿ ಟಿವಿ ಹೋಗತ್ತಲ್ಲ, ಹಾಗಾದ್ರೆ ಡಿಟಿಎಚ್ ಸಿಗ್ನಲ್ಲೇ ಮಳೆ ಅಳೆಯೋ ಮೀಟರ್ ಅಲ್ವಾ ಅಂತ ಸೆಟ್‌ಟಾಪ್ ಬಾಕ್ಸಿನ ಸಿಗ್ನಲ್ ಪೇಜ್ ಹಾಕ್ಕೊಂಡು ಹತ್ತು ನಿಮಿಷಕ್ಕೊಮ್ಮೆ ಬರೀತಾ ಕೂತೆ (ಸೀರಿಯಲ್ ಟೈಮಲ್ಲಿ ಮನೆಯವಳು ಬಿಡ್ಲಿಲ್ಲ, ಆ ಡೇಟಾ ಇಲ್ಲ). ಸುಮಾರು ಮಳೆಗೆ ಸಿಗ್ನಲ್ ಅಲ್ಲಾಡಲ್ಲ, ಜೋರಾದ್ರೆ ಪೂರ್ತಿ ಹೋಗತ್ತೆ, ಮಧ್ಯದ ಲೆಕ್ಕನೇ ಇಲ್ಲ. ಜೊತೆಗೆ ಡಿಶ್ ನೋಡ್ತಿರೋದು ಆಗ್ನೇಯದ ಆಕಾಶ, ನಮ್ಮ ಹಳ್ಳ ಇಳಿಯೋದು ಪಶ್ಚಿಮದ ಗುಡ್ಡದಿಂದ. ಬೇಡದ ಕಡೆ ಮಳೆ ಅಳೆದು ಏನು ಮಾಡ್ಲಿ?

ಇದೇ ಐಡಿಯಾ ಮೊಬೈಲ್ ಟವರಲ್ಲಿ ಸರಿಯಾಗಿ ಕೆಲಸ ಮಾಡತ್ತೆ. ಟವರಿಂದ ಟವರಿಗೆ ಹೋಗೋ ಮೈಕ್ರೋವೇವ್ ಸಿಗ್ನಲ್ ಮಳೇಲಿ ಎಷ್ಟು ಕುಗ್ಗತ್ತೆ ಅಂತ ನೋಡಿ ಮಳೆ ಲೆಕ್ಕ ಹಾಕಬಹುದು ಅಂತ 2006ರಲ್ಲೇ ಇಸ್ರೇಲ್‌ನವರು ತೋರಿಸಿದ್ರು, 2013ರಲ್ಲಿ ನೆದರ್ಲೆಂಡ್ಸಲ್ಲಿ ಸುಮಾರು 2,400 ಲಿಂಕ್ ಇಟ್ಕೊಂಡು ಇಡೀ ದೇಶದ ಮಳೆ ಮ್ಯಾಪೇ ಮಾಡಿದ್ರು. ನಮ್ಮ ಗುಡ್ಡದ ಮೇಲೂ ಟವರ್ ಇದೆ, ಡೇಟಾ ಇರೋದು ಕಂಪನಿ ಹತ್ರ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿ ಪಂಚಾಯ್ತಿಗೊಂದು ಆಟೋಮ್ಯಾಟಿಕ್ ಗೇಜ್ ಇಟ್ಟಿರೋದು ದೊಡ್ಡ ಕೆಲಸನೇ, ಆದ್ರೆ ಮಲೆನಾಡಲ್ಲಿ ಗುಡ್ಡದ ಆಚೆ ಒಂದು ಮಳೆ, ಈಚೆ ಒಂದು.

ಈಗ ನಾನು ಇಟ್ಕೊಂಡಿರೋದು ಬಕೆಟ್ಟು ಮತ್ತೆ ಫೋನು, ಬೆಳಗ್ಗೆ ಗೇಜ್ ನೋಡಿ ಬಕೆಟ್ ಲೆಕ್ಕ ಸರಿ ಮಾಡ್ಕೋತೀನಿ. ಇನ್ನೊಂದು ಫೋನು ಗುಡ್ಡದ ಬುಡದಲ್ಲಿರೋ ಭಾವನ ಶೆಡ್ಡಲ್ಲಿಡಬೇಕು, ಅಲ್ಲಿ ಬಿದ್ದ ನೀರು ನಮ್ಮ ಮೋರಿಗೆ ಬರೋಕೆ ಮುಕ್ಕಾಲು ಗಂಟೆ ಆದ್ರೂ ಬೇಕು. ಭಾವ ಕೇಳ್ತಿರೋದು ಚಾರ್ಜಿಂಗ್ ಕರೆಂಟ್ ಬಿಲ್ ಯಾರು ಕೊಡ್ತೀರಿ ಅಂತ.