ಕಾದಂಬರಿ ಅಲ್ಲದ ಡೇನಿಯಲ್ ಸ್ಟೀಲ್: 'ಹಿಸ್ ಬ್ರೈಟ್ ಲೈಟ್' ಓದಿದ್ಮೇಲೆ

ತೀರ್ಕೊಂಡ ಮಗನ ಬಗ್ಗೆ ತಾಯಿ ಬರೆದ ಈ ಪುಸ್ತಕಕ್ಕೆ 5ಕ್ಕೆ ಮೂರೂವರೆ ಸ್ಟಾರ್ ಕೊಡ್ತಿದೀನಿ. ಅದ್ರಲ್ಲಿ ಬರವಣಿಗೆಗೆ ಅಂತ ಕೊಟ್ಟಿದ್ದು ಎರಡೇ, ಉಳಿದ ಒಂದೂವರೆ ಯಾಕೆ ಅಂತ ಕೆಳಗೆ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ.

ಅಮೆರಿಕದ ಪ್ರೇಮ ಕಾದಂಬರಿಗಾರ್ತಿ ಡೇನಿಯಲ್ ಸ್ಟೀಲ್‌ನ ಓದದೇ ಇರೋರಿಗೂ ಹೆಸ್ರಂತೂ ಗೊತ್ತಿರತ್ತೆ. ಚರ್ಚ್ ಸ್ಟ್ರೀಟ್ ಕಡೆ ಸೆಕೆಂಡ್ ಹ್ಯಾಂಡ್ ಪುಸ್ತಕ ಹುಡುಕ್ತಾ ನಿಂತ್ರೆ, ಪುಸ್ತಕದ ಹೆಸ್ರಿಗಿಂತ ಬರೆದೋರ ಹೆಸ್ರೇ ದಪ್ಪಗೆ, ಕೈಗೆ ಉಬ್ಬು ತಾಗೋ ಬಂಗಾರದ ಅಕ್ಷರದಲ್ಲಿ ಇರತ್ತಲ್ಲ, ಅದೇ. ಮೊದಲನೇ ಕಾದಂಬರಿ ಬಂದಿದ್ದು 1973ರಲ್ಲಿ, ಈಗ ಪುಸ್ತಕಗಳ ಲೆಕ್ಕ 200 ದಾಟಿ ಹೋಗಿದೆ. 1989ರಲ್ಲಿ ಗಿನ್ನೆಸ್‌ನೋರು ಇವ್ರ ಹೆಸ್ರು ಬರ್ಕೊಂಡ್ರು, ನ್ಯೂಯಾರ್ಕ್ ಟೈಮ್ಸ್ ಬೆಸ್ಟ್ ಸೆಲ್ಲರ್ ಲಿಸ್ಟಲ್ಲಿ ಒಂದಲ್ಲ ಒಂದು ಪುಸ್ತಕ ಸತತ 381 ವಾರ ಇತ್ತು ಅಂತ. ಏಳು ವರ್ಷದ ಮೇಲಾಯ್ತು!

ನಾನಂತೂ ಪಿಯುಸಿ ಟೈಮಲ್ಲಿ ಲೆಂಡಿಂಗ್ ಲೈಬ್ರರಿಯಿಂದ ತಂದು ತಂದು ಓದಿ ಸುಸ್ತಾಗಿ ಬಿಟ್ಟೋಳು. ಶ್ರೀಮಂತರ ಮನೆ, ಚೆಂದದ ಹೆಂಗಸು, ಒಂದು ಸಾವು, ಒಂದು ಮೋಸ, ಆಮೇಲೆ ಎಲ್ಲಿಂದಲೋ ಬರೋ ಒಳ್ಳೇ ಗಂಡಸು, ಒಂದು ಓದಿದ್ರೆ ಮುಂದಿಂದು ನಾವೇ ಹೇಳ್ಬಹುದು. ಹಂಗಾಗಿ ಇವ್ರಿಗೆ ಬರೆಯಕ್ಕೆ ಬರಲ್ಲ ಅಂತ ಯಾರಾದ್ರೂ ಅಂದ್ರೆ ನಾನೇನೂ ಜಗಳಕ್ಕೆ ಹೋಗಲ್ಲ. ಆದ್ರೆ ಜನ ಅಲ್ಲಿಗೆ ನಿಲ್ಸಲ್ವಲ್ಲ. ಬರವಣಿಗೆ ಬೈತಾ ಬೈತಾ ಮನೆ ಬೈತಾರೆ, ಮನೆ ಬೈತಾ ಮದುವೆಗಳ ಲೆಕ್ಕಕ್ಕೆ ಬರ್ತಾರೆ (ಐದು), ಅಲ್ಲಿಂದ ಕಾರು, ಚಪ್ಪಲಿ, ಪ್ಯಾರಿಸ್ಸು.

ಮನೆ ವಿಷ್ಯ ನಂಗೂ ಗೊತ್ತು, ಯಾಕಂದ್ರೆ ನಾವಿರೋದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ. ಊರಿಂದ ಯಾರೇ ಬಂದ್ರೂ ಗೋಲ್ಡನ್ ಗೇಟ್, ಲೊಂಬಾರ್ಡ್ ಸ್ಟ್ರೀಟ್ ಮುಗ್ಸಿ, ಶ್ರೀಮಂತರ ಬಡಾವಣೆ ಪೆಸಿಫಿಕ್ ಹೈಟ್ಸಲ್ಲಿ ಒಂದು ರೌಂಡ್ ಹಾಕ್ಸೋದು ಪದ್ಧತಿ, ಅಲ್ಲಿ ಲಾಫಯೆಟ್ ಪಾರ್ಕ್ ಎದುರಿಗೇ ಇದೆ ಸ್ಪ್ರೆಕಲ್ಸ್ ಮ್ಯಾನ್ಷನ್. ಸಕ್ಕರೆ ಬಿಸಿನೆಸ್‌ನಲ್ಲಿದ್ದ ಅಡಾಲ್ಫ್ ಸ್ಪ್ರೆಕಲ್ಸ್ ಹೆಂಡತಿ ಆಲ್ಮಾಗೋಸ್ಕರ 1910ರ ದಶಕದಲ್ಲಿ ಕಟ್ಸಿದ್ದ ಬಿಳಿ ಅರಮನೆ. ಈಗ ಡೇನಿಯಲ್ ಸ್ಟೀಲ್ ಮನೆ. ಕಾಣ್ಸಲ್ಲ ಅಷ್ಟೇ! ಸುತ್ತ ಹಸಿರು ಗಿಡದ ಬೇಲಿ ಎಷ್ಟು ಎತ್ತರ ಬೆಳೆಸಿದಾರೆ ಅಂದ್ರೆ ರಸ್ತೇಲಿ ನಿಂತು ಕತ್ತೆತ್ತಿದ್ರೆ ಮೇಲಿನ ಅಂತಸ್ತು ಚೂರು ಕಂಡ್ರೆ ಕಂಡಂಗೆ. ಊರಿನೋರಿಗೆ ಈ ಬೇಲಿ ಮೇಲೆ ಇರೋ ಸಿಟ್ಟು ನೋಡ್ಬೇಕು ನೀವು, ಪೇಪರಲ್ಲೆಲ್ಲಾ ಬಂದಿದೆ, ಚೆಂದದ ಹಳೇ ಕಟ್ಟಡ ಮುಚ್ಚಿಟ್ಟಿದಾರೆ ಅಂತ. 2002ರಲ್ಲಿ ಇನ್ನೊಂದು ಸುದ್ದಿ, ಆ ಒಂದೇ ಮನೆ ಹೆಸ್ರಲ್ಲಿ ರಸ್ತೆ ಪಾರ್ಕಿಂಗಿಗೆ 26 ಪರ್ಮಿಟ್ ಇವೆ ಅಂತ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಾರ್ಕಿಂಗ್ ಹುಡುಕಿ ಗೊತ್ತಿದ್ದೋರಿಗೆ ಹೊಟ್ಟೆ ಉರಿಯತ್ತೋ ಇಲ್ವೋ ಹೇಳಿ. ಮೇಲಿಂದ 2011ರಲ್ಲಿ ಈಯಮ್ಮ, ಆ ಊರಲ್ಲಿ ಸ್ಟೈಲೇ ಇಲ್ಲ, ಎಲ್ರೂ ಚಡ್ಡಿ ಹಾಕ್ಕೊಂಡು ಓಡಾಡ್ತಾರೆ, ಬಿಟ್ಟು ಪ್ಯಾರಿಸ್ಸಿಗೆ ಹೋಗಿದ್ದೇ ಖುಷಿ ಅನ್ನೋ ಥರ ಮಾತಾಡಿ ಎಲ್ರ ಬಾಯಿಗೂ ಬಿದ್ರು. 2019ರಲ್ಲಿ ದಿನಕ್ಕೆ 20ರಿಂದ 22 ಗಂಟೆ ಬರೀತೀನಿ ಅಂದಾಗ ಅದಕ್ಕೂ ನಗಾಡಿದ್ರು. 1946ರ ಒಲಿಂಪಿಯಾ ಟೈಪ್‌ರೈಟರಂತೆ, ಅದಕ್ಕೆ ಆಲಿ ಅಂತ ಹೆಸ್ರು, ಟೇಬಲ್ಲು ಬೇರೆ ತಮ್ದೇ ಪುಸ್ತಕಗಳನ್ನ ಜೋಡ್ಸಿಟ್ಟಂಗೆ ಮಾಡ್ಸಿರೋದು. ನಗು ಬರೋದು ಸಹಜ ಬಿಡಿ, ನಂಗೂ ಬಂತು.

ಈಗ ಪುಸ್ತಕಕ್ಕೆ ಬರೋಣ.

'ಹಿಸ್ ಬ್ರೈಟ್ ಲೈಟ್' 1998ರಲ್ಲಿ ಬಂದಿದ್ದು. ಕಥೆ ಅಲ್ಲ, ಮಗ ನಿಕ್ ಟ್ರೈನಾ ಬಗ್ಗೆ. 1978ರಲ್ಲಿ ಹುಟ್ಟಿದ ಹುಡುಗ, ಬೈಪೋಲಾರ್ ಡಿಸಾರ್ಡರ್ (ಮನಸ್ಸು ಒಮ್ಮೆ ತೀರಾ ಉಬ್ಬಿ ಒಮ್ಮೆ ತೀರಾ ಕುಗ್ಗೋ ಕಾಯಿಲೆ) ಇತ್ತು, ಲಿಂಕ್ 80 ಅನ್ನೋ ಪಂಕ್ ಬ್ಯಾಂಡಲ್ಲಿ ಹಾಡ್ತಿದ್ದ, 1997ರ ಸೆಪ್ಟೆಂಬರಲ್ಲಿ ಡ್ರಗ್ ಓವರ್‌ಡೋಸ್ ಆಗಿ ತೀರ್ಕೊಂಡ. 19 ವರ್ಷ. ಮಗ ಹೋದ ಮುಂದಿನ ವರ್ಷಾನೇ ಪುಸ್ತಕ ಬಂತು ಅಂದ್ರೆ ಆ ತಾಯಿ ಯಾವ ಸ್ಥಿತೀಲಿ ಬರೆದಿರ್ಬೇಕು ನೀವೇ ಯೋಚ್ನೆ ಮಾಡಿ. ಇದನ್ನೂ ದುಡ್ಡು ಮಾಡಕ್ಕೆ ಬರೆದ್ರು ಅಂತ ಮಾತಾಡೋರಿಗೆ ಒಂದ್ಮಾತು, ಇದ್ರ ದುಡ್ಡು ಮಗನ ಹೆಸ್ರಲ್ಲಿ ಮಾಡಿದ ನಿಕ್ ಟ್ರೈನಾ ಫೌಂಡೇಷನ್ನಿಗೆ ಅಂತ ಇಟ್ಟಿದ್ದು, ಅವ್ರು ಮಾನಸಿಕ ಕಾಯಿಲೆಗೆ ಕೆಲ್ಸ ಮಾಡೋ ಸಂಸ್ಥೆಗಳಿಗೆ ಸಹಾಯ ಮಾಡ್ತಾರೆ.

ಬರವಣಿಗೆ ಇಲ್ಲೂ ಅದೇ ರೋಗ. ಹೇಳಿದ್ದನ್ನೇ ಹೇಳ್ತಾರೆ. ನಿಕ್ ಎಷ್ಟು ಚೆಂದ, ಎಷ್ಟು ಚುರುಕು, ಎಷ್ಟು ತಮಾಷೆ ಅಂತ ಒಂದು ಪೇಜಲ್ಲಿ ಬಂದಿದ್ದು ಮತ್ತೆ ನಾಲ್ಕು ಪೇಜ್ ಆದ್ಮೇಲೆ ಬರತ್ತೆ, ಎಡಿಟರ್ ಧೈರ್ಯವಾಗಿ ಕತ್ತರಿ ಆಡ್ಸಿದ್ರೆ ಮೂರರಲ್ಲಿ ಒಂದು ಪಾಲು ಹೋಗೋದು. ನಾನು ಒಂದೆರಡು ಅಧ್ಯಾಯ ಬೇಗ ಬೇಗ ಮಗುಚಿದೆ ಕೂಡ. ಆದ್ರೆ ಮಧ್ಯ ಮಧ್ಯ ನಿಕ್ ಬರೆದ ಡೈರಿ, ಕಾಗದ, ಪದ್ಯ ಹಾಕಿದಾರೆ ನೋಡಿ, ಅಲ್ಲಿ ಪುಸ್ತಕ ಎದ್ದು ಕೂರತ್ತೆ. ಹುಡುಗನ ಭಾಷೇಲಿ ತಮಾಷೆ ಇದೆ, ಸಿಟ್ಟಿದೆ, ತನ್ನ ತಲೆ ಒಳಗೆ ಏನಾಗ್ತಿದೆ ಅಂತ ಹೇಳಕ್ಕಾಗ್ದೆ ಒದ್ದಾಡೋದಿದೆ. ಅಮ್ಮನ ಸಿಹಿ ಸಿಹಿ ಪ್ಯಾರಾ ಪಕ್ಕದಲ್ಲೇ ಮಗನ ಒರಟು ಸಾಲು. ಆಗ ಅನ್ನಿಸ್ತು, ಟ್ಯಾಲೆಂಟ್ ಅನ್ನೋದು ಆ ಮನೇಲಿ ಅಮ್ಮನಿಗಿಂತ ಮಗನ ಹತ್ರಾನೇ ಜಾಸ್ತಿ ಇತ್ತೇನೋ ಅಂತ. ಅವನ್ನೆಲ್ಲ ತಮ್ಮ ಬರವಣಿಗೆ ಪಕ್ಕ ಇಡೋ ದೊಡ್ಡತನ ಈಯಮ್ಮನಿಗೆ ಇತ್ತಲ್ಲ, ಅರ್ಧ ಸ್ಟಾರ್ ಅದಕ್ಕೆ.

ಇನ್ನೊಂದು ಸ್ಟಾರ್ ಕೊಟ್ಟಿದ್ದು ಬೇರೆ ಕಾರಣಕ್ಕೆ. ಕಾಯಿಲೆ ಇದೆ ಅಂತ ಸರಿಯಾಗಿ ಗೊತ್ತಾಗೋ ತನಕ ಆದ ಅಲೆದಾಟಾನ ಮುಚ್ಚುಮರೆ ಇಲ್ದೆ ಬರೆದಿದಾರೆ. ಹುಡುಗ ತುಂಟ, ವಯಸ್ಸಿನ ಆಟ, ಸರಿ ಹೋಗ್ತಾನೆ ಅಂತ ಸಮಾಧಾನ ಹೇಳೋರೇ ಎಲ್ಲಾ. ಈ ಕಾಯಿಲೆಗೆ ಕೊಡೋ ಲಿಥಿಯಂ ಮಾತ್ರೆ ಶುರು ಮಾಡಿದ್ಮೇಲೆ ಹುಡುಗ ಸುಧಾರಿಸ್ತಾನೆ, ಹಾಡ್ತಾನೆ, ಬ್ಯಾಂಡ್ ಕಟ್ಕೊಂಡು ಊರೂರು ತಿರುಗ್ತಾನೆ. ಚೆನ್ನಾಗಿದೀನಲ್ಲ ಇನ್ನು ಮಾತ್ರೆ ಯಾಕೆ ಅನ್ನೋ ಮಾತು ಇದೆಯಲ್ಲ, ಮನೇಲಿ ಬೈಪೋಲಾರ್ ಇರೋರಿಗೆ ಅದು ಎಷ್ಟು ಸಲ ಕೇಳಿರೋ ಮಾತು ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ನಿಮ್ಹಾನ್ಸ್ ಓಪಿಡಿ ಮುಂದೆ ಫೈಲ್ ಹಿಡ್ಕೊಂಡು ಕೂತಿರೋ ಅಮ್ಮಂದಿರೂ ಪೆಸಿಫಿಕ್ ಹೈಟ್ಸಿನ ಈಯಮ್ಮಾನೂ ಆ ಒಂದು ವಿಷ್ಯದಲ್ಲಿ ಒಂದೇ ಬೆಂಚು.

ಎಲ್ಲಾ ವಿಷ್ಯದಲ್ಲೂ ಅಲ್ಲ ಮಾರಾಯ್ರೆ. ನಂಗೆ ಕಿರಿಕಿರಿ ಆಗಿದ್ದೂ ಇಲ್ಲೇ. ಮಗನ್ನ ನೋಡ್ಕೊಳಕ್ಕೆ ಹಗಲು ರಾತ್ರಿ ಜನ ಇಡೋದು, ಬೇಕಾದ ಡಾಕ್ಟರ್ ಹತ್ರ ಹೋಗೋದು, ಇದೆಲ್ಲ ಎಷ್ಟು ಮನೇಲಿ ಆಗತ್ತೆ? ಅದೆಲ್ಲ ದುಡ್ಡಿನ ಬಲ ಅಂತ ಇನ್ನೂ ನೇರವಾಗಿ ಒಂದು ಅಧ್ಯಾಯ ಬರೀಬಹುದಿತ್ತು. ಲೈಫ್‌ಸ್ಟೈಲ್ ಬಗ್ಗೆ ಬೈಯ್ಲೇಬೇಕು ಅಂತಿದ್ರೆ ಚಪ್ಪಲಿ ಲೆಕ್ಕ ಬಿಟ್ಟು ಇದನ್ನ ಕೇಳಿ, ಸರಿಯಾದ ಪ್ರಶ್ನೆ ಆಗತ್ತೆ.

ಮತ್ತೆ ಆ ಬೇಲಿ. ಅದನ್ನ ನಾನು ನೋಡೋ ರೀತಿ ಬದಲಾಗಿದ್ದು ಒಂದು ಹಳೇ ಕೇಸ್ ಗೊತ್ತಾದ್ಮೇಲೆ. 1993ರಲ್ಲಿ ಇಬ್ರು ಪತ್ರಕರ್ತರು ಇವ್ರನ್ನ ಕೇಳದೇ ಇವ್ರ ಜೀವನಚರಿತ್ರೆ ತರಕ್ಕೆ ಹೊರಟ್ರು, ಅದ್ರಲ್ಲಿ ನಿಕ್ ದತ್ತಿನ ವಿಷ್ಯಾನೂ ಇತ್ತು. ನಿಕ್ ಹುಟ್ಟಿದ್ದು ಮೂರನೇ ಗಂಡನಿಗೆ, ಆಮೇಲೆ ನಾಲ್ಕನೇ ಗಂಡ ಜಾನ್ ಟ್ರೈನಾ ದತ್ತು ತಗೊಂಡಿದ್ದು. ಕ್ಯಾಲಿಫೋರ್ನಿಯಾದಲ್ಲಿ ದತ್ತು ದಾಖಲೆ ಗುಟ್ಟಾಗಿರ್ಬೇಕು ಅಂತ ಕಾನೂನಿದೆ, ಹುಡುಗ ಇನ್ನೂ ಅಪ್ರಾಪ್ತ, ಅದಕ್ಕೇ ಈಯಮ್ಮ ಕೋರ್ಟಿಗೆ ಹೋದ್ರು. ಕೋರ್ಟ್ ಏನಂತು ಗೊತ್ತಾ, ತಾಯಿ ಇಷ್ಟು ಫೇಮಸ್ಸು, ಹಂಗಾಗಿ ಮಗನ ದತ್ತು ವಿಷ್ಯಕ್ಕೆ ಬೇರೆಯೋರಿಗಿರೋ ಅಷ್ಟು ಗುಟ್ಟಿನ ಹಕ್ಕು ಇಲ್ಲ ಅಂತ! ಪುಸ್ತಕ ಅಂಗಡಿಗೆ ಬಂತು, ಹುಡುಗನಿಗೆ ಆಗ 15 ವರ್ಷ. ಅಮ್ಮನ ಕಾದಂಬರಿ ಚೆನ್ನಾಗಿ ಖರ್ಚಾಗಿದ್ದೇ ಮಗನ ತಪ್ಪಾಯ್ತು. ಇದು ಗೊತ್ತಾದ್ಮೇಲೂ ಬೇಲಿ ಚೆಂದ ಕಾಣ್ಸಲ್ಲ ನಂಗೆ, ಆದ್ರೆ ಊರಿಂದ ಬಂದೋರಿಗೆ ತೋರ್ಸಿ ಕಾಮಿಡಿ ಮಾಡೋದು ಬಿಟ್ಟಿದೀನಿ.

ಪುಸ್ತಕದಲ್ಲಿ ಇಲ್ಲದ್ದು ಒಂದಿದೆ. ಮಗ ಹೋದ್ಮೇಲೆ ಹನ್ನೊಂದು ವರ್ಷ ಈಯಮ್ಮ ತಂಡ ಕಟ್ಕೊಂಡು ರಾತ್ರಿ ಹೊತ್ತು ವ್ಯಾನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬೀದಿ ಬೀದಿ ಸುತ್ತಿ, ಮನೆ ಇಲ್ದೋರಿಗೆ ಜಾಕೆಟ್ಟು, ಸ್ಲೀಪಿಂಗ್ ಬ್ಯಾಗು ಕೊಡ್ತಿದ್ರು, ಯಾರು ಅಂತ ಹೇಳ್ಕೊಳ್ದೆ. ಅದನ್ನ ಹೊರಗೆ ಹೇಳಿದ್ದು 2012ರಲ್ಲಿ ಬೇರೊಂದು ಸಣ್ಣ ಪುಸ್ತಕ ಬರೆದಾಗ. ಪೇಪರಿನೋರು ಪಾರ್ಕಿಂಗ್ ಪರ್ಮಿಟ್ ಎಣಿಸ್ತಿದ್ದಾಗ್ಲೂ ಇದು ನಡೀತಾನೇ ಇತ್ತು.

ನಮ್ಮಲ್ಲಿ ಇದೆಲ್ಲ ಹೊಸದೇನಲ್ಲ ಅನ್ಸತ್ತೆ. ಹೆಂಗಸ್ರು ಬರೆದು ಹೆಂಗಸ್ರೇ ಓದಿದ್ರೆ ಅಡುಗೆಮನೆ ಸಾಹಿತ್ಯ ಅಂತ ಮೂಗು ಮುರಿದೋರು ಎಷ್ಟು ಜನ. ಮನಸ್ಸಿನ ಕಾಯಿಲೆ ಬಗ್ಗೆ ಅಷ್ಟು ಹಿಂದೆನೇ ಬರೆದ ತ್ರಿವೇಣಿಯೋರನ್ನೂ ಬಿಡ್ಲಿಲ್ಲ. ಒಂದೇ ಸಮಾಧಾನ, ಕನ್ನಡದಲ್ಲಿ ಪ್ರೇಮ ಕಾದಂಬರಿ ಬರೆದು ಅರಮನೆ ಕೊಂಡೋರು ಯಾರೂ ಇಲ್ಲ, ಹಾಗಾಗಿ ಅವ್ರ ಬೇಲಿ ಎತ್ತರ ಅಳೆಯೋ ಯೋಗ ನಮ್ಗೆ ಬರ್ಲಿಲ್ಲ.

ಯಾರು ತಗೋಬಹುದು? ಡೇನಿಯಲ್ ಸ್ಟೀಲ್ ಫ್ಯಾನ್‌ಗಳು ಇಷ್ಟು ಹೊತ್ತಿಗೆ ಓದಿರ್ತೀರಿ. ಮನೇಲಿ ಯಾರಿಗಾದ್ರೂ ಬೈಪೋಲಾರ್ ಇದ್ರೆ ಓದಿ, ಆದ್ರೆ ಸ್ವಲ್ಪ ಗಟ್ಟಿ ಮನಸ್ಸಿದ್ದಾಗ, ಕೊನೇ ಭಾಗ ರಾತ್ರಿ ಓದ್ಬೇಡಿ. ಓದಿ ತೀರಾ ಕಷ್ಟ ಆದ್ರೆ, ಇಂಡಿಯಾದಲ್ಲಿ ಇರೋರು 14416ಗೆ ಫೋನ್ ಮಾಡಿ, ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ. ಮೆಡಿಕಲ್ ಮಾಹಿತಿಗೆ ಇದನ್ನ ನಂಬ್ಕೋಬೇಡಿ, 90ರ ದಶಕದ ಪುಸ್ತಕ, ಔಷಧಿ ವಿಷ್ಯದಲ್ಲಿ ಎಷ್ಟೋ ಬದಲಾಗಿದೆ.

ನನ್ನ ಕಾಪಿ ಸೆಕೆಂಡ್ ಹ್ಯಾಂಡು, ಪೇಪರ್ ಹಳದಿ ಆಗಿ ಬೈಂಡಿಂಗ್ ಮಧ್ಯದಲ್ಲಿ ಬಿಟ್ಕೊಂಡಿದೆ, ಫೋಟೋ ಇರೋ ಪುಟಗಳು ಉದುರಿ ಹೋಗಿವೆಯಾ ಅಂತ ನೋಡ್ಕೊಂಡು ತಗೊಳ್ಳಿ. ಹಳೇ ಕಾಪಿ ತಗೊಂಡ್ರೆ ಫೌಂಡೇಷನ್ನಿಗೆ ಒಂದು ಪೈಸಾನೂ ಹೋಗಲ್ಲ, ಹಂಗಾಗಿ ಕೈಲಾದೋರು ಹೊಸದೇ ತಗೊಳ್ಳಿ.