ಪಳೆಯುಳಿಕೆ ಹವಳಗಳ ಹೆಸರು ಹುಡುಕುವವರಿಗೆ ಪೇಲಿಯೋಬಯಾಲಜಿ ಡೇಟಾಬೇಸ್: ಒಂದು ವಿಮರ್ಶೆ

ದಕ್ಷಿಣ ಭಾರತದ, ಕ್ರಿಟೇಷಿಯಸ್ ಎಂಬ ಪ್ರಾಚೀನ ಭೂಯುಗದ ಶಿಲೆಗಳ ಹವಳಗಳನ್ನು ಸ್ಟೋಲಿಚ್ಕಾ 1873ರಲ್ಲಿ ವಿವರಿಸಿದರು; ಕಛ್ ಪ್ರದೇಶದ, ಅದಕ್ಕೂ ಹಿಂದಿನ ಜುರಾಸಿಕ್ ಯುಗದ ಹವಳಗಳನ್ನು ಗ್ರೆಗರಿ 1900ರಲ್ಲಿ ವಿವರಿಸಿದರು. ಅವರು ಬಳಸಿದ ಹೆಸರುಗಳಲ್ಲಿ ಇಂದಿಗೂ ಮಾನ್ಯವಾಗಿರುವುದು ಯಾವುದು, ಬೇರೆ ಕುಲಕ್ಕೆ ವರ್ಗವಾಗಿರುವುದು ಯಾವುದು ಎಂದು ತಿಳಿಯಬೇಕಾದ ವಿದ್ಯಾರ್ಥಿಗೆ, ಅಂತರಜಾಲದಲ್ಲಿ ಉಚಿತವಾಗಿ ಸಿಗುವ ಸೌಲಭ್ಯಗಳ ಪೈಕಿ ನಾನು ಮೊದಲು ಸೂಚಿಸುವುದು ಪಳೆಯುಳಿಕೆಗಳ ದಾಖಲೆಗಳ ಸಂಗ್ರಹವಾದ ಪೇಲಿಯೋಬಯಾಲಜಿ ಡೇಟಾಬೇಸನ್ನು.

ಇದರ ನಿಜವಾದ ಹಿರಿಮೆ ದಾಖಲೆಗಳ ಸಂಖ್ಯೆಯಲ್ಲಿಲ್ಲ, ಹೆಸರನ್ನು ನಡೆಸಿಕೊಳ್ಳುವ ಬಗೆಯಲ್ಲಿದೆ. ಒಂದು ಪ್ರಭೇದ ಇಂಥ ಕುಲಕ್ಕೆ ಸೇರಿದ್ದು, ಇಂಥ ಹೆಸರು ಇನ್ನೊಂದರ ಸಮಾನನಾಮ (ಅದೇ ಜೀವಿಗೆ ಇಟ್ಟ ಮತ್ತೊಂದು ಹೆಸರು) ಎಂಬ ಪ್ರತಿಯೊಂದು ಮಾತನ್ನೂ ಇಲ್ಲಿ ಇಂಥ ಲೇಖಕರು ಇಂಥ ವರ್ಷ ವ್ಯಕ್ತಪಡಿಸಿದ ಅಭಿಪ್ರಾಯವೆಂದೇ ದಾಖಲಿಸಲಾಗುತ್ತದೆ. ಆ ಅಭಿಪ್ರಾಯಗಳಲ್ಲಿ ಹೆಚ್ಚು ಆಧಾರವುಳ್ಳ, ಇತ್ತೀಚಿನದನ್ನು ಆಯ್ದು ವರ್ಗೀಕರಣವನ್ನು ಕಟ್ಟಲಾಗುತ್ತದೆ; ಮೂಲ ಪ್ರಬಂಧದಲ್ಲಿದ್ದ ಹೆಸರು ಮಾತ್ರ ಅಳಿಯದೆ, ಈಗ ಒಪ್ಪಿತವಾದ ಹೆಸರಿನ ಪಕ್ಕದಲ್ಲೇ ಉಳಿಯುತ್ತದೆ.

ಕಲ್ಲುಹವಳಗಳಿಗೆ ಈ ವಿಧಾನ ವಿಶೇಷವಾಗಿ ಒಪ್ಪುತ್ತದೆ. ಜಾನ್ ವೆಲ್ಸ್ 1956ರಲ್ಲಿ ಮುಖ್ಯವಾಗಿ ಅಸ್ಥಿಪಂಜರದೊಳಗಿನ ತೆಳು ಗೋಡೆಗಳಂಥ ಪರದೆಗಳ ರಚನೆಯನ್ನು ಆಧರಿಸಿ, ಕಲ್ಲುಹವಳಗಳ ಗಣವಾದ ಸ್ಕ್ಲೆರಾಕ್ಟೀನಿಯಾವನ್ನು ಐದು ಉಪಗಣಗಳಾಗಿ ವಿಂಗಡಿಸಿದ್ದರು, ಮತ್ತು ದಶಕಗಳ ಕಾಲ ಆ ವಿಂಗಡಣೆಯೇ ಎಲ್ಲರ ಆಧಾರವಾಗಿತ್ತು. ರೊಮಾನೊ ಮತ್ತು ಪಲುಂಬಿ 1996ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನವಾದರೋ, ಜೀವಂತ ಹವಳಗಳು ಆ ಉಪಗಣಗಳಿಗೆ ಹೊಂದದ ಎರಡು ದೊಡ್ಡ ಗುಂಪುಗಳಾಗಿ ಒಡೆಯುತ್ತವೆಂದು ತೋರಿಸಿತು. 2012ರ ಪರಿಷ್ಕರಣೆಯಲ್ಲಿ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ‘ಫೇವಿಯಾ’ ಕುಲದ ಹವಳಗಳು ‘ಡಿಪ್ಸಾಸ್ಟ್ರಿಯಾ’ ಎಂಬ ಕುಲಕ್ಕೆ ಸೇರಿದವು. ಫೇವಿಯಾ ಎಂಬ ಹೆಸರು ಅಟ್ಲಾಂಟಿಕ್ ಹವಳಕ್ಕೆ ಉಳಿಯಿತು. ಪಳೆಯುಳಿಕೆಗಳಲ್ಲಿ ಡಿಎನ್‌ಎ ಇಲ್ಲ. ಅಷ್ಟೇ ಅಲ್ಲ, ಅಸ್ಥಿಪಂಜರದ ಅರಗೊನೈಟ್ ಎಂಬ ಖನಿಜ ಕಾಲಾಂತರದಲ್ಲಿ ಕ್ಯಾಲ್ಸೈಟ್ ಎಂಬ ಇನ್ನೊಂದು ಖನಿಜವಾಗುವಾಗ, ಗುರುತಿಸಲು ಅತ್ಯಗತ್ಯವಾದ ಸೂಕ್ಷ್ಮರಚನೆಯೂ ಬಹುಪಾಲು ಅಳಿಸಿಹೋಗುತ್ತದೆ. ಇಂಥ ವಸ್ತುವಿನ ಮೇಲೆ ನಿಂತ ಹೆಸರನ್ನು ಅಭಿಪ್ರಾಯವೆಂದು ಕರೆಯುವುದೇ ಪ್ರಾಮಾಣಿಕತೆ.

ಕೊರತೆಯೂ ಇಲ್ಲೇ ಇದೆ, ಮತ್ತು ಅದು ಸಣ್ಣದಲ್ಲ. ಮಯೋಸಿನ್ ಎಂಬ ಭೂಯುಗದ ಯಾವುದೋ ಸುಣ್ಣಕಲ್ಲಿನ ತುಣುಕನ್ನು ಹಳೆಯ ಪ್ರಬಂಧವೊಂದು ಪ್ರಭೇದವನ್ನು ಹೇಳದೆ ಬರೀ ಫೇವಿಯಾ ಎಂದು ಗುರುತಿಸಿದ್ದರೆ, ಯಾರಾದರೂ ಅದನ್ನು ಮರುಪರಿಶೀಲಿಸಿ ಆ ತೀರ್ಮಾನ ದಾಖಲಾಗುವವರೆಗೂ ಅದು ಫೇವಿಯಾ ಆಗಿಯೇ ಇರುತ್ತದೆ. ಇದನ್ನು ಗಮನಿಸದೆ ದತ್ತಾಂಶವನ್ನು ಇಳಿಸಿಕೊಂಡು ಕುಲಗಳನ್ನು ಎಣಿಸಿದವರ ನಕ್ಷೆಯಲ್ಲಿ, ಅಟ್ಲಾಂಟಿಕ್‌ನ ಕುಲವೊಂದು ನಮ್ಮ ಕಡಲಲ್ಲೂ ಹರಡಿದ್ದಂತೆ ಕಾಣಬಹುದು. ಹೊಸ ಅಭಿಪ್ರಾಯಕ್ಕೆ ಸಿಗುವ ಆದ್ಯತೆಯೂ ಯಾವಾಗಲೂ ನ್ಯಾಯವಾದುದಲ್ಲ: ಮೂಲ ಮಾದರಿಯನ್ನು ಕಣ್ಣಾರೆ ಕಂಡವರ ಹಳೆಯ ಮಾತು, ಚಿತ್ರವನ್ನಷ್ಟೇ ನೋಡಿದವರ ಹೊಸ ಮಾತಿಗಿಂತ ತೂಕದ್ದಾಗಿರಬಹುದು.

ಜೀವಂತ ಪ್ರಭೇದದ ಸದ್ಯದ ಹೆಸರಷ್ಟೇ ಬೇಕಿದ್ದರೆ, ಬೆಲ್ಜಿಯಂನ ಸಾಗರ ಸಂಸ್ಥೆಯೊಂದು ನಿರ್ವಹಿಸುವ ‘ವರ್ಮ್ಸ್’ ಎಂಬ ಸಾಗರಜೀವಿಗಳ ಹೆಸರುಗಳ ಪಟ್ಟಿಯೇ ಹೆಚ್ಚು ಅನುಕೂಲ. ಪಳೆಯುಳಿಕೆಗೆ ಪೇಲಿಯೋಬಯಾಲಜಿ ಡೇಟಾಬೇಸಿಗೇ ಬರಬೇಕು; ಆದರೆ ಕೊನೆಯಲ್ಲಿ ಸಿಗುವ ಹೆಸರನ್ನಷ್ಟೇ ನಕಲು ಮಾಡಿಕೊಳ್ಳದೆ, ಅದರ ಹಿಂದಿನ ಅಭಿಪ್ರಾಯಗಳನ್ನು ತೆರೆದು, ಲೇಖಕರ ಹೆಸರು ಮತ್ತು ವರ್ಷವನ್ನು ಓದಿ, ಸಾಧ್ಯವಾದರೆ ಮೂಲ ಪ್ರಬಂಧದ ಚಿತ್ರಫಲಕವನ್ನೂ ನೋಡಿಯೇ ತಮ್ಮ ಮಾದರಿಗೆ ಚೀಟಿ ಅಂಟಿಸಬೇಕೆಂದು ವಿದ್ಯಾರ್ಥಿಗಳಲ್ಲಿ ಕೇಳಿಕೊಳ್ಳುತ್ತೇನೆ.