ವಿಚರ್ 3: ಹಾಡಿನ ಗೆರಾಲ್ಟ್, ಹೊಟ್ಟೆಪಾಡಿನ ಗೆರಾಲ್ಟ್

'ದಿ ವಿಚರ್ 3' ಬಿಡುಗಡೆಯಾಗಿದ್ದು 2015ರ ಮೇ 19ರಂದು. ಇಷ್ಟು ಹಳೇ ಗೇಮ್‌ಗೆ ಈಗ್ಯಾಕೆ ವಿಮರ್ಶೆ ಅಂತ ಕೇಳಬಹುದು. ನಮ್ಮ ಚಿತ್ರದುರ್ಗದಲ್ಲಿ ಇನ್ನೂ ಹೊಸಬರು ಇದನ್ನು ಕೊಳ್ಳುತ್ತಲೇ ಇದ್ದಾರೆ. ಸೇಲ್ ಬಂದಾಗಲೆಲ್ಲ ಯಾರಾದರೊಬ್ಬರು "ತಗೊಳ್ಳಲಾ?" ಅಂತ ಮೆಸೇಜ್ ಹಾಕುತ್ತಾರೆ. ನನ್ನ ಕಂಪ್ಯೂಟರ್‌ನಲ್ಲಿ ಈ ಗೇಮ್ ಬಹಳ ವರ್ಷಗಳಿಂದ ಇದೆ. ಬೇರೆಯವು ಬಂದವು, ಹೋದವು. ಇದನ್ನು ಮಾತ್ರ ಅಳಿಸಲು ಮನಸ್ಸು ಬಂದಿಲ್ಲ. ಅದಕ್ಕೆ ಕಾರಣ ಇದರ ನಾಯಕ ಗೆರಾಲ್ಟ್. ಹಾಗಾಗಿ ಗ್ರಾಫಿಕ್ಸ್‌ಗಿಂತ ಅವನ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ವಿಚರ್ ಅಂದರೆ ಕೂಲಿಗೆ ರಾಕ್ಷಸರನ್ನು ಕೊಲ್ಲುವವನು. ಪೋಲೆಂಡಿನ ಲೇಖಕ ಆಂದ್ರೆಜ್ ಸಪ್ಕೋವ್ಸ್ಕಿ 1986ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಸಣ್ಣಕಥೆಯಲ್ಲಿ ಗೆರಾಲ್ಟ್ ಹುಟ್ಟಿದ. ಅದೇ ದೇಶದ ಸಿಡಿ ಪ್ರಾಜೆಕ್ಟ್ ರೆಡ್ 2007ರಲ್ಲಿ ಮೊದಲ ಗೇಮ್ ತಂದಿತು, 2011ರಲ್ಲಿ ಎರಡನೆಯದು. ಗೆರಾಲ್ಟ್‌ನ ತಾಯಿ ಮಾಂತ್ರಿಕಳು. ಮಗುವನ್ನು ವಿಚರ್‌ಗಳ ಕೈಗೆ ಬಿಟ್ಟು ಹೋದಳು. ಕೇರ್ ಮೊರ್ಹೆನ್ ಎಂಬ ಬೆಟ್ಟದ ಕೋಟೆಯಲ್ಲಿ ವೆಸೆಮಿರ್ ಎಂಬ ಹಿರಿಯ ಅವನನ್ನು ಬೆಳೆಸಿದ. ಅಲ್ಲಿ ಮಕ್ಕಳಿಗೆ ವಿಷದಂಥ ಗಿಡಮೂಲಿಕೆಗಳನ್ನು ಕೊಟ್ಟು ಮೈಯನ್ನೇ ಬದಲಿಸುತ್ತಾರೆ. 10 ಮಕ್ಕಳಲ್ಲಿ 3 ಮಕ್ಕಳು ಉಳಿದರೆ ಹೆಚ್ಚು. ಗೆರಾಲ್ಟ್ ಚೆನ್ನಾಗಿ ತಡೆದುಕೊಂಡ ಅಂತ ಅವನ ಮೇಲೆ ಇನ್ನಷ್ಟು ಪ್ರಯೋಗ ಮಾಡಿದರು. ಕೂದಲು ಬೆಳ್ಳಗಾಗಿದ್ದು ಆಗ. 'ರಿವಿಯಾದ ಗೆರಾಲ್ಟ್' ಅನ್ನುತ್ತಾರಲ್ಲ, ರಿವಿಯಾ ಅವನ ಊರೇ ಅಲ್ಲ. ಹೆಸರಿಗೊಂದು ಊರು ಸೇರಿದರೆ ಕೆಲಸ ಕೊಡುವವರಿಗೆ ನಂಬಿಕೆ ಬರುತ್ತದೆ ಅಂತ ಸೇರಿಸಿಕೊಂಡಿದ್ದು.

ಅವನಿಗೆ ಅಂಟಿದ ಇನ್ನೊಂದು ಹೆಸರು 'ಬ್ಲಾವಿಕೆನ್‌ನ ಕಟುಕ'. ಆ ಊರಿನ ಸಂತೆಯಲ್ಲಿ ಜನರನ್ನು ಕೊಲ್ಲಲು ಒಂದು ಗುಂಪು ಹೊಂಚು ಹಾಕಿತ್ತು. ಗೆರಾಲ್ಟ್ ಆ ಗುಂಪನ್ನೇ ಮುಗಿಸಿದ. ಊರಿನವರಿಗೆ ಕಂಡಿದ್ದು ಬರೀ ಹೆಣಗಳು. ಅವನ ಮೇಲೆ ಕಲ್ಲು ತೂರಿದರು. ಎಷ್ಟೋ ವರ್ಷಗಳ ನಂತರ ನಡೆಯುವ ಈ ಮೂರನೇ ಗೇಮ್‌ನಲ್ಲೂ ಆ ಹೆಸರು ಅವನನ್ನು ಬಿಟ್ಟಿಲ್ಲ.

ನಾನು ಕೋಟೆಯ ಬುಡದಲ್ಲೇ ಬೆಳೆದವನು. ಓಬವ್ವನ ಕಥೆ ನಮಗೆ ಅಕ್ಷರ ಕಲಿಯುವ ಮುಂಚೆಯೇ ಗೊತ್ತು. ಗಂಡ ಊಟಕ್ಕೆ ಕೂತಿದ್ದ, ಅವಳು ನೀರು ತರಲು ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುತ್ತಿದ್ದರು, ಒನಕೆ ಎತ್ತಿದಳು. ಕಿಂಡಿ ಇವತ್ತೂ ಇದೆ, ಹೋಗಿ ನೋಡಬಹುದು. ಆದರೆ ಅದರ ಹಿಂದಿನ ದಿನ ಓಬವ್ವ ಏನು ಮಾಡುತ್ತಿದ್ದಳು? ಯಾವುದಕ್ಕೆ ನಗುತ್ತಿದ್ದಳು? ಒಂದು ದಿನದ ಕೆಲಸ ಕಥೆಯಾಯಿತು, ಮಿಕ್ಕ ಬದುಕೆಲ್ಲ ಅದರ ಹಿಂದೆ ಮರೆಯಾಯಿತು. ವಿಚರ್ 3 ನನಗೆ ಇಷ್ಟು ಹತ್ತಿರವಾಗಿದ್ದು ಇಲ್ಲೇ. ಇದು ಆ ಮಿಕ್ಕ ಬದುಕನ್ನು ತೋರಿಸುವ ಗೇಮ್. ಗೆರಾಲ್ಟ್‌ನ ಗಡ್ಡ ಬೆಳೆಯುತ್ತದೆ, ಕ್ಷೌರ ಮಾಡಿಸಬೇಕು. ಕತ್ತಿಯ ಮೊನೆ ಸವೆಯುತ್ತದೆ, ಕಮ್ಮಾರನಿಗೆ ದುಡ್ಡು ಕೊಡಬೇಕು. ಯಾವ ಕುದುರೆ ತಗೊಂಡರೂ ಅದಕ್ಕೆ 'ರೋಚ್' ಅಂತಲೇ ಹೆಸರು. ಇವನ್ನೆಲ್ಲ ಯಾರೂ ಹಾಡು ಕಟ್ಟಿ ಹಾಡುವುದಿಲ್ಲ, ಅಲ್ವಾ?

ಹಾಡು ಕಟ್ಟುವವನೂ ಕಥೆಯೊಳಗೇ ಇದ್ದಾನೆ. ಅವನು ಗೆರಾಲ್ಟ್‌ನ ಗೆಳೆಯ ಡ್ಯಾಂಡಿಲಿಯನ್. ಗೇಮ್ ಲೋಡ್ ಆಗುವಾಗ ಹಿಂದಿನ ಕಥೆ ಹೇಳುವ ದನಿ ಅವನದು. ಮೆನುವಿನಲ್ಲಿರುವ ಪಾತ್ರಗಳ ಪರಿಚಯವೂ ಅವನ ಬರಹವೇ. ತುಂಬಾ ಜನ ಅದನ್ನು ತೆರೆಯುವುದೇ ಇಲ್ಲ. ದಯವಿಟ್ಟು ಓದಿ. ನೀವು ಈಗಷ್ಟೇ ಕೆಸರಿನಲ್ಲಿ ಬಿದ್ದು ಎದ್ದು ಮುಗಿಸಿದ ಕೆಲಸವನ್ನು ಅವನು ಬಣ್ಣ ಹಚ್ಚಿ ಲಾವಣಿಯ ಹಾಗೆ ಬರೆದಿರುತ್ತಾನೆ. ನಿಜ ಮತ್ತು ದಂತಕಥೆ ಎರಡೂ ಒಟ್ಟಿಗೆ ನಿಮ್ಮ ಕೈಯಲ್ಲಿರುತ್ತವೆ. ಇದನ್ನು ಇಷ್ಟು ಚೆನ್ನಾಗಿ ಮಾಡಿದ ಬೇರೆ ಗೇಮ್ ನಾನು ಆಡಿಲ್ಲ.

ಇನ್ನು ಕೂಲಿಯ ವಿಷಯ. ಊರಿನ ನೋಟಿಸ್ ಬೋರ್ಡ್‌ನಲ್ಲಿ ಚೀಟಿ ಇರುತ್ತದೆ. ಬರೆದವನನ್ನು ಹುಡುಕಿ ಮಾತಾಡಬೇಕು, ಮೊದಲೇ ರೇಟ್ ಕುದುರಿಸಬೇಕು. ಜಾಸ್ತಿ ಕೇಳಿದರೆ ಎದುರಿನವನಿಗೆ ಸಿಟ್ಟು ಏರುವುದು ಪರದೆಯ ಮೇಲೆ ಕಾಣುತ್ತದೆ. ಆರಂಭದ ವೈಟ್ ಆರ್ಚರ್ಡ್‌ನಲ್ಲಿ ಓಡೊಲಾನ್ ಎಂಬ ರೈತನ ಕೆಲಸ ಸಿಗುತ್ತದೆ. ಪಾಳು ಬಿದ್ದ ಹಳ್ಳಿಯೊಂದರ ಬಾವಿಯನ್ನು ಮಧ್ಯಾಹ್ನದ ಪಿಶಾಚಿ ಕಾಯುತ್ತಿದೆ. ಅವನ ಮಗಳಿಗೆ ಹುಷಾರಿಲ್ಲ, ಒಳ್ಳೇ ನೀರು ಬೇಕು. ಸುಮ್ನೆ ಹೋಗಿ ಕತ್ತಿ ಬೀಸಿದರೆ ಕೆಲಸ ಮುಗಿಯುವುದಿಲ್ಲ. ಸತ್ತವಳು ಯಾರು, ಯಾಕೆ ಸತ್ತಳು ಅಂತ ಹುಡುಕಬೇಕು. ಬಾವಿಗೆ ಇಳಿದು ಅವಳ ಬಳೆ ತರಬೇಕು, ಹೆಣದ ಜೊತೆ ಸುಡಬೇಕು. ಆಮೇಲೇ ಅವಳಿಗೆ ಬಿಡುಗಡೆ. ವಾಪಸ್ ಬಂದು ಓಡೊಲಾನ್‌ನ ಮುಂದೆ ನಿಂತಾಗ ದುಡ್ಡು ತಗೊಳ್ಳಬಹುದು, ಬೇಡ ಅನ್ನಲೂಬಹುದು. ನಾನು ಪ್ರತಿ ಸಲವೂ ಬೇಡ ಅಂದಿದ್ದೇನೆ. ಗೆರಾಲ್ಟ್‌ನ ಜೇಬು ಆಗ ಖಾಲಿಯೇ ಇರುತ್ತದೆ. ಅದಕ್ಕೇ ಆ ನಿರ್ಧಾರಕ್ಕೊಂದು ತೂಕ.

ಅದೇ ಊರಲ್ಲಿ ಅಜ್ಜಿಯೊಬ್ಬಳು ಎರವಲು ಕೊಟ್ಟ ತನ್ನ ಬಾಣಲೆ ತಂದುಕೊಡು ಅಂತ ಗೆರಾಲ್ಟ್‌ನನ್ನು ಕೇಳುತ್ತಾಳೆ. ಅವನು ಹೋಗಿ ತಂದುಕೊಡುತ್ತಾನೆ. ಹಾಡಿನಲ್ಲಿರುವ ವೀರ ಇದನ್ನು ಮಾಡುತ್ತಿದ್ದನಾ?

ಮುಂದೆ ವೆಲೆನ್ ಎಂಬ ಜೌಗು ನಾಡು. ಅಲ್ಲಿನ ಬ್ಲಡಿ ಬ್ಯಾರನ್ ಕಥೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಸ್ವಲ್ಪ ಮಾತ್ರ ಹೇಳುತ್ತೇನೆ. ಕುಡಿದು ಹೆಂಡತಿಗೆ ಹೊಡೆಯುವವನು ಅವನು. ಹೆಂಡತಿ, ಮಗಳು ಇಬ್ಬರೂ ಮನೆ ಬಿಟ್ಟಿದ್ದಾರೆ. ಹುಟ್ಟುವ ಮೊದಲೇ ಸತ್ತ ಮಗುವನ್ನು ಅವನೇ ಎತ್ತಿಕೊಂಡು ಬಂದು, ಹೆಸರಿಟ್ಟು, ಹೊಸ್ತಿಲ ಕೆಳಗೆ ಹೂಳುವ ದೃಶ್ಯವಿದೆ. ಅವನನ್ನು ಕ್ಷಮಿಸಿ ಅಂತ ಗೇಮ್ ಎಲ್ಲೂ ಹೇಳುವುದಿಲ್ಲ. ದ್ವೇಷಿಸಿ ಅಂತಲೂ ಹೇಳುವುದಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಇಂಥ ಮನೆಗಳನ್ನು ನೋಡಿದವರಿಗೆ ಆ ದೃಶ್ಯ ದಾಟಿ ಹೋಗುವುದು ಸುಲಭವಲ್ಲ.

ಇನ್ನೂ ಆಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಗೇಮ್‌ನ ಉದ್ದಕ್ಕೂ ಗೆರಾಲ್ಟ್ ಹುಡುಕುವುದು ಸಿರಿಯನ್ನು. ಹೆತ್ತ ಮಗಳಲ್ಲ, ಸಾಕಿದ ಮಗಳು. ವಿಚರ್‌ಗಳಿಗೆ ಮಕ್ಕಳಾಗುವುದಿಲ್ಲ. ನನ್ನ ಚಿಕ್ಕಪ್ಪನ ಮಗ ಮೊದಲ ಸಲ ಆಡಿ ಮುಗಿಸಿದಾಗ ರಾತ್ರಿಯೇ ಫೋನ್ ಮಾಡಿದ. "ಅಣ್ಣಾ, ಕೊನೇ ಫೈಟ್ ಗೆದ್ದೆ, ಆದ್ರೂ ಸಿರಿ ವಾಪಸ್ ಬರ್ಲೇ ಇಲ್ಲ. ಏನಿದು?" ಮಾಂತ್ರಿಕಿಯರ ಸಭೆಗೆ ಅವಳ ಜೊತೆ ನೀನೂ ಹೋದೆಯಾ ಅಂತ ಕೇಳಿದೆ. "ಹೂಂ, ಒಬ್ಳನ್ನೇ ಕಳ್ಸಕ್ಕಾಗುತ್ತಾ?" ಅಂದ. ವಿಷಯ ಅದೇ ಆಗಿತ್ತು. ಸಿರಿ ಬದುಕುತ್ತಾಳೋ ಇಲ್ಲವೋ ಅನ್ನುವುದು ಕತ್ತಿಯ ಮೇಲೆ ನಿಂತಿಲ್ಲ. ಅವಳು ಕುಗ್ಗಿ ಕೂತಾಗ ಕುಡಿಯಲು ಕರೆದಿರಾ, ಹಿಮದ ಉಂಡೆ ಎಸೆದು ಆಡಿದಿರಾ? ಅವಳ ಮಾತನ್ನು ಅವಳೇ ಆಡಲು ಬಿಟ್ಟಿರಾ? ಸಿಟ್ಟು ಬಂದು ಸಾಮಾನು ಒಡೆಯುವಾಗ ತಡೆದಿರಾ, ಒಡೆಯಲಿ ಅಂತ ಬಿಟ್ಟಿರಾ? ಇಂಥ ಕೆಲವು ಕ್ಷಣಗಳೇ ಅಂತ್ಯವನ್ನು ತೀರ್ಮಾನಿಸುತ್ತವೆ. ಲೋಕಕ್ಕೆ ಗೆರಾಲ್ಟ್ ದೊಡ್ಡ ಬೇಟೆಗಾರ. ಅವನಿಗೆ ಮುಖ್ಯವಾದದ್ದು ಮಾತ್ರ ಅವನು ಎಂಥ ಅಪ್ಪ ಅನ್ನುವುದು. ಹೆಣ್ಣುಮಕ್ಕಳಿರುವ ಗೆಳೆಯರಿಗೆಲ್ಲ ಈ ಭಾಗಕ್ಕಾಗಿಯಾದರೂ ಆಡಿ ಅಂತ ನಾನು ಹೇಳುತ್ತೇನೆ.

ತೊಂದರೆಗಳೂ ಇವೆ. ಗೆರಾಲ್ಟ್‌ನ ನಡಿಗೆ ಭಾರ. ಬಾಗಿಲಲ್ಲಿ ನುಗ್ಗಿಸುವುದೇ ಕಷ್ಟ ಅನ್ನಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬೇರೆ ನಡಿಗೆಯ ಆಯ್ಕೆ ಇದೆ, ಮೊದಲ ದಿನವೇ ಅದನ್ನು ಹಾಕಿಕೊಳ್ಳಿ. ಸಿಕ್ಕ ಸಾಮಾನನ್ನೆಲ್ಲ ತುಂಬಿಕೊಂಡರೆ ಚೀಲ ಭಾರವಾಗಿ ಓಡಲಾಗುವುದಿಲ್ಲ. ಅರ್ಧ ಸಮಯ ಹಳೇ ಕತ್ತಿ ಮಾರುವುದರಲ್ಲೇ ಹೋಗುತ್ತದೆ. ಕ್ವೆನ್ ಎಂಬ ರಕ್ಷಣೆಯ ಮಂತ್ರ ಹಾಕಿಕೊಂಡೇ ಇದ್ದರೆ ಕಾದಾಟ ಸಪ್ಪೆ. ಕಷ್ಟದ ಮಟ್ಟ ಒಂದು ಹೆಜ್ಜೆ ಮೇಲಿಡಿ, ಆಗ ಕತ್ತಿಗೆ ಹಚ್ಚುವ ಎಣ್ಣೆ, ಔಷಧಿಗಳಿಗೆ ಬೆಲೆ ಬರುತ್ತದೆ. ಕನ್ನಡ ಸಬ್‌ಟೈಟಲ್ ಇಲ್ಲ. ಮಾತು ಬಹಳ, ಇಂಗ್ಲಿಷ್ ಓದುವ ತಾಳ್ಮೆ ಬೇಕು. ಇದು 18 ದಾಟಿದವರ ಗೇಮ್. ರಕ್ತ, ಬೆತ್ತಲೆ ದೃಶ್ಯ ಎರಡೂ ಇವೆ, ಮಕ್ಕಳ ಕೈಗೆ ಕೊಡಬೇಡಿ. 2022ರ ಡಿಸೆಂಬರ್ 14ಕ್ಕೆ ಬಂದ ಉಚಿತ ಅಪ್‌ಡೇಟ್ ನೋಡಲು ತುಂಬಾ ಚಂದ. ಹಳೇ ಗ್ರಾಫಿಕ್ಸ್ ಕಾರ್ಡ್ ಇದ್ದವರು ಮಾತ್ರ ಶುರು ಮಾಡುವಾಗ ಡೈರೆಕ್ಟ್‌ಎಕ್ಸ್ 11 ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಕರೆಂಟ್ ನಂಬುವ ಹಾಗಿಲ್ಲ, ದೊಡ್ಡ ಕಾದಾಟದ ಮುಂಚೆ ಕೈಯಾರೆ ಸೇವ್ ಮಾಡಿ.

ಕೊಳ್ಳುವುದಾದರೆ ಆಮೇಲೆ ಬಂದ ಎರಡೂ ವಿಸ್ತರಣಾ ಕಥೆಗಳಿರುವ ಕಂಪ್ಲೀಟ್ ಎಡಿಷನ್ ಕೊಳ್ಳಿ. 'ಹಾರ್ಟ್ಸ್ ಆಫ್ ಸ್ಟೋನ್' 2015ರ ಅಕ್ಟೋಬರ್‌ನದು. ಅದರ ಗಾಂಟರ್ ಒ'ಡಿಮ್‌ನಷ್ಟು ಮೆಲ್ಲಗೆ ಮಾತಾಡಿ ಹೆದರಿಸುವ ಖಳ ನನಗೆ ಬೇರೆಲ್ಲೂ ಸಿಕ್ಕಿಲ್ಲ. 2016ರ ಮೇನಲ್ಲಿ ಬಂದ 'ಬ್ಲಡ್ ಅಂಡ್ ವೈನ್' ಅನ್ನು ಕಡೆಗೆ ಉಳಿಸಿಕೊಳ್ಳಿ. ಅಲ್ಲಿ ಗೆರಾಲ್ಟ್‌ಗೆ ದ್ರಾಕ್ಷಿ ತೋಟವೊಂದು ಸಿಗುತ್ತದೆ. ಎಂದೂ ಒಂದೂರಲ್ಲಿ ನಿಲ್ಲದವನಿಗೆ ಸ್ವಂತ ಮನೆ, ಸ್ವಂತ ಮಂಚ. ಮುಂದಿನ ಗೇಮ್‌ನ ಮೊದಲ ಟ್ರೇಲರ್ 2024ರ ಡಿಸೆಂಬರ್‌ನಲ್ಲಿ ಬಂದಿದೆ, ಅದರ ನಾಯಕಿ ಸಿರಿ. ಅದು ಬರುವುದರೊಳಗೆ ಇದನ್ನು ನಿಧಾನವಾಗಿ ಆಡಿ. ನೋಟಿಸ್ ಬೋರ್ಡ್‌ನ ಒಂದು ಚೀಟಿಯನ್ನೂ ಬಿಡಬೇಡಿ.